ಕ್ಲಿಂಗನ್ನರ ಹಣೆ ಬದಲಾದದ್ದೇಕೆ?

1960ರ ದಶಕದ ಬಾಹ್ಯಾಕಾಶ ಕಥೆಯ ಟಿವಿ ಸರಣಿ ಸ್ಟಾರ್ ಟ್ರೆಕ್‌ನಲ್ಲಿ ನುಣುಪಾದ ಹಣೆಯಿದ್ದ, ಅನ್ಯಗ್ರಹದವರಾದ ಕ್ಲಿಂಗನ್ನರಿಗೆ ಮುಂದೆ ಉಬ್ಬುಹಣೆ ಬಂದದ್ದು ಹೇಗೆ, ಎರಡರಲ್ಲಿ ಯಾವುದು ಅಧಿಕೃತ ಎಂದು ಕೇಳಿದ್ದೀರಿ. ತೆರೆಯ ಮೇಲೆ ಬಂದದ್ದರಿಂದ ಎರಡೂ ಅಧಿಕೃತವೇ. ಅಸಲು ಕಾರಣ ಮೇಕಪ್ಪಿನದು: ಆಗ ಮುಖಕ್ಕೆ ಗಾಢ ಬಣ್ಣ ಬಳಿದು, ಗಡ್ಡಮೀಸೆ ಅಂಟಿಸಿ ಸುಧಾರಿಸಿದ್ದರು, 1979ರ ಚಲನಚಿತ್ರಕ್ಕೆ ಹಣ ಧಾರಾಳವಾಗಿತ್ತು, ಹಣೆಯೂ ಉಬ್ಬಿತು.

ಮುಂದಿನ ಸ್ಟಾರ್ ಟ್ರೆಕ್ ಸರಣಿ ಡೀಪ್ ಸ್ಪೇಸ್ ನೈನ್‌ನ 1996ರ ಕಂತೊಂದರಲ್ಲಿ, ಹಳೆಯ ಸರಣಿಯ ನಾಯಕ ಕಿರ್ಕ್‌ನ ಕಾಲಕ್ಕೆ ಹೋದ ಉಬ್ಬುಹಣೆಯ ಕ್ಲಿಂಗನ್ ವೋರ್ಫ್, ತನ್ನ ಸಂಗಡಿಗರು ಈ ಮಾತನ್ನು ಕೆದಕಿದಾಗ, ಹೊರಗಿನವರೊಡನೆ ಇದನ್ನು ಚರ್ಚಿಸುವುದಿಲ್ಲವೆಂದು ಅವರ ಬಾಯಿ ಮುಚ್ಚಿಸುತ್ತಾನೆ. ನನಗಂತೂ ಅಷ್ಟೇ ಸಾಕಿತ್ತು. ಆದರೆ 2005ರಲ್ಲಿ ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯಾದ ಎಂಟರ್‌ಪ್ರೈಸ್, ಮಾನವರ ಮಾರ್ಪಡಿಸಿದ ವಂಶವಾಹಿಗಳನ್ನು ಬಳಸಹೋದ ಕ್ಲಿಂಗನ್ ಪ್ರಯೋಗ ಕೈತಪ್ಪಿ, ವೈರಸ್ಸಾಗಿ ಹರಡಿ ಹಣೆಗಳು ಸಪಾಟಾದವೆಂದು ವಿವರಿಸಿತು. ಹಾಗಾದರೆ ಹಳೆಯ ಸರಣಿಯ ಕ್ಲಿಂಗನ್ನರಾದ ಕೋರ್, ಕಾಂಗ್, ಕೋಲೋತ್ 1994ರಲ್ಲಿ ಡೀಪ್ ಸ್ಪೇಸ್ ನೈನ್‌ನಲ್ಲಿ ಅದೇ ನಟರೊಡನೆ ಉಬ್ಬುಹಣೆ ಹೊತ್ತು ಬಂದದ್ದು ಹೇಗೆಂಬುದಕ್ಕೆ ಎಂಟರ್‌ಪ್ರೈಸ್‌ನ ಕಂತುಗಳಲ್ಲಿ ಸ್ಪಷ್ಟ ಉತ್ತರವಿಲ್ಲ.