ತುಕ್ಕು ಹಿಡಿದ ಹತ್ತರಿ: ಮೊದಲು ಅಲಗು, ಆಮೇಲೆ ಮೈ

ಪ್ರಶ್ನೆ: ಹಳೆಯ ಪೆಟ್ಟಿಗೆಯೊಂದರಲ್ಲಿ ಕಬ್ಬಿಣದ ಮೈಯ ಮರಗೆಲಸದ ಹತ್ತರಿ ಸಿಕ್ಕಿದೆ. ಸುಮಾರು 9 ಅಂಗುಲ ಉದ್ದ, ಅಲಗಿನ ಅಗಲ 2 ಅಂಗುಲ. ಮೈತುಂಬ ತುಕ್ಕು, ಎರಡು ತಿರುಪುಗಳು ಕದಲುತ್ತಿಲ್ಲ, ಕಪ್ಪು ಬಣ್ಣ ಅರ್ಧ ಎದ್ದುಹೋಗಿದೆ. ಪೂರ್ತಿ ಬಿಚ್ಚಿ, ಬಣ್ಣ ಕೆರೆದು, ಹೊಸದರಂತೆ ಮಾಡಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಅಳತೆ ನೋಡಿದರೆ ಇದು ಬೇಯ್ಲಿ ಮಾದರಿಯ 4ನೇ ಸಂಖ್ಯೆಯ ಹತ್ತರಿ ಇರಬೇಕು. ಮರದ ಮೇಲ್ಮೈಯನ್ನು ಕಡೆಯದಾಗಿ ನಯಗೊಳಿಸಲು ಬಳಸುವಂಥದ್ದು. ಲೆನಾರ್ಡ್ ಬೇಯ್ಲಿಯ ವಿನ್ಯಾಸಗಳನ್ನು ಅಮೆರಿಕದ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ತನ್ನದಾಗಿಸಿಕೊಂಡಿತು. ಇಂಗ್ಲೆಂಡಿನ ರೆಕಾರ್ಡ್ ಕಂಪನಿ 1931ರಿಂದ ಅದೇ ಬಗೆಯ ಹತ್ತರಿಗಳನ್ನು ತಯಾರಿಸಿತು. ಇನ್ನೂ ಹಲವರು ಅದೇ ದಾರಿ ಹಿಡಿದರು. ಹಾಗಾಗಿ ನಿಮ್ಮದರ ಮೇಲೆ ಯಾವ ಹೆಸರು ಕೆತ್ತಿದ್ದರೂ ಒಳಗಿನ ರಚನೆ ಬಹುಮಟ್ಟಿಗೆ ಒಂದೇ.

ಹೊಸದರಂತೆ ಮಾಡುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ ಎಂದು ಒತ್ತಿ ಹೇಳುತ್ತೇನೆ. ಹಳೆಯ ಹತ್ತರಿ ಕೈಗೆ ಬಂದೊಡನೆ ಹೆಚ್ಚಿನವರು ಬಣ್ಣ ಕೆರೆಯಲು, ಹಿತ್ತಾಳೆ ಹೊಳೆಯಿಸಲು ಕೂರುತ್ತಾರೆ. ಅಲಗಿನ ಸರದಿ ಬರುವ ಹೊತ್ತಿಗೆ ಉತ್ಸಾಹ ಬತ್ತಿರುತ್ತದೆ, ಹತ್ತರಿ ಕಪಾಟು ಸೇರುತ್ತದೆ. ನೀವು ಈ ಕ್ರಮವನ್ನು ತಿರುಗಿಸಿ. ಮೊದಲು ಅಲಗನ್ನು ಮಸೆಯಿರಿ, ಮರದ ಮೇಲೆ ಓಡಿಸಿ ನೋಡಿ, ಎಲ್ಲಿ ತೊಡರುತ್ತದೆಯೋ ಅಲ್ಲಿಗೆ ಮಾತ್ರ ಕೈ ಹಾಕಿ. ಬಹಳಷ್ಟು ಹಳೆಯ ಹತ್ತರಿಗಳಿಗೆ ಮೊಂಡು ಅಲಗನ್ನು ಬಿಟ್ಟರೆ ಬೇರೆ ರೋಗವೇ ಇರುವುದಿಲ್ಲ.

ಅದಕ್ಕೂ ಮುಂಚೆ ಒಂದು ತಪಾಸಣೆ ಆಗಲೇಬೇಕು. ಹತ್ತರಿಯ ಮೈ ಬೀಡು ಕಬ್ಬಿಣ. ಕೈಜಾರಿ ಬಿದ್ದರೆ ಅದು ಬಾಗುವುದಿಲ್ಲ, ಬಿರಿಯುತ್ತದೆ. ಅಲಗು ಹೊರಚಾಚುವ ಸೀಳಿನ ಮೂಲೆಗಳು ಮತ್ತು ಪಕ್ಕದ ಗೋಡೆಗಳು ತಳಕ್ಕೆ ಕೂಡುವ ಅಂಚುಗಳನ್ನು ಚೆನ್ನಾಗಿ ನೋಡಿ. ಅನುಮಾನವಿದ್ದರೆ ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿನೊಳಗೆ ಉಳಿದ ಎಣ್ಣೆ ನಿಧಾನವಾಗಿ ಹೊರಬಂದು ಸುಣ್ಣದ ಮೇಲೆ ಗೆರೆಯಾಗಿ ಕಾಣುತ್ತದೆ. ಸೀಳಿಗೆ ಅಡ್ಡಲಾಗಿ ಬಿರುಕು ಬಿಟ್ಟಿದ್ದರೆ ದುರಸ್ತಿಯ ಶ್ರಮ ಬೇಡ. ಬೀಡು ಕಬ್ಬಿಣದ ಬೆಸುಗೆ ಹೊಸಬರ ಕೆಲಸವಲ್ಲ. ಅಂಥ ಹತ್ತರಿಯ ತಿರುಪು, ಅಲಗು, ಹಿಡಿಗಳು ಇನ್ನೊಂದಕ್ಕೆ ಆಗುತ್ತವೆ.

ಕದಲದ ತಿರುಪುಗಳ ವಿಷಯದಲ್ಲಿ ಅವಸರವೇ ಶತ್ರು. ಒಳನುಗ್ಗುವ ತುಕ್ಕುಬಿಡಿಸುವ ಎಣ್ಣೆ ಹನಿಸಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಮತ್ತೆ ಹನಿಸಿ. ಹಳೆಯ ತಿರುಪಿನ ತಲೆಯ ಮೇಲಿನ ಗೀರು ಕಿರಿದು, ಆಳ. ಸ್ಕ್ರೂಡ್ರೈವರ್‌ನ ತುದಿ ಅದರೊಳಗೆ ಬಿಗಿಯಾಗಿ, ಪೂರ್ತಿ ಅಗಲಕ್ಕೆ ಕೂರಬೇಕು. ಇಲ್ಲದಿದ್ದರೆ ತುದಿಯನ್ನೇ ಅರದಿಂದ ತಿದ್ದಿಕೊಳ್ಳಿ. ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿಗೊಳಿಸುವ ದಿಕ್ಕಿಗೆ ತಿರುಗಿಸಿದರೆ ತುಕ್ಕಿನ ಹಿಡಿತ ಸಡಿಲುತ್ತದೆ. ಅದಕ್ಕೂ ಜಗ್ಗದಿದ್ದರೆ ಬಿಸಿಮಾಡಿದ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ತಿರುಪಿನ ತಲೆಗೆ ಮುಟ್ಟಿಸಿ ಹಿಡಿಯಿರಿ. ನೇರ ಬೆಂಕಿಯ ಜ್ವಾಲೆ ಮಾತ್ರ ಬೇಡ, ಒಂದೇ ಕಡೆ ಕಾದ ಬೀಡು ಕಬ್ಬಿಣ ಬಿರಿಯಬಹುದು. ಆಳವನ್ನು ಹೊಂದಿಸುವ ಹಿತ್ತಾಳೆಯ ಚಕ್ರಕ್ಕೆ ಬಹುತೇಕ ಹತ್ತರಿಗಳಲ್ಲಿ ಎಡಸುತ್ತಿನ ಎಳೆ ಇರುತ್ತದೆ. ಎಂದಿನಂತೆ ತಿರುಗಿಸಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ. ಮತ್ತೊಂದು ಮಾತು, ಸವೆದ ತಿರುಪುಗಳನ್ನು ಎಸೆಯಬೇಡಿ. ಹಿಡಿಗಳನ್ನು ಕಚ್ಚಿ ಹಿಡಿಯುವ ಸರಳುಗಳ ಎಳೆ ಅಂಗುಲಕ್ಕೆ 20 ಸುತ್ತಿನದು, ಇಂದಿನ ಸಾಮಾನ್ಯ ತಿರುಪುಗಳು ಅದಕ್ಕೆ ಹೊಂದುವುದಿಲ್ಲ.

ತುಕ್ಕಿನಲ್ಲಿ ಎರಡು ಬಗೆ. ಮುಟ್ಟಿದರೆ ಪುಡಿಯಾಗುವ ಕೆಂಪು ತುಕ್ಕು ತೇವವನ್ನು ಹೀರಿಕೊಂಡು ಒಳಗೊಳಗೇ ತಿನ್ನುತ್ತದೆ, ಅದು ಹೋಗಲೇಬೇಕು. ಕಬ್ಬಿಣಕ್ಕೆ ಅಂಟಿ ನಿಂತ ಕಪ್ಪು-ಕಂದು ಪದರ ಹಾಗಲ್ಲ. ಅದು ಹರಡುವುದಿಲ್ಲ, ಕೆಲಸಕ್ಕೆ ಅಡ್ಡಿಯೂ ಅಲ್ಲ. ಎಷ್ಟೋ ಕೈಗಳು ಹಿಡಿದು ಮೂಡಿಸಿದ ಬಣ್ಣ ಅದು, ಉಳಿಯಲಿ. ಸೀಮೆಎಣ್ಣೆಯಲ್ಲಿ ಅದ್ದಿದ ಉಕ್ಕಿನ ನಾರು ಮತ್ತು ಹಿತ್ತಾಳೆಯ ಬ್ರಷ್ಷಿನಿಂದ ಕೆಂಪನ್ನು ತೆಗೆಯಿರಿ. ಯಂತ್ರಕ್ಕೆ ಸಿಕ್ಕಿಸುವ ತಂತಿಚಕ್ರ ಬೇಡವೇ ಬೇಡ, ಅದು ಅಂಚುಗಳನ್ನೂ ಅಕ್ಷರಗಳನ್ನೂ ಸವೆಸಿಬಿಡುತ್ತದೆ. ಅರ್ಧ ಉಳಿದ ಕಪ್ಪು ಲೇಪನವನ್ನು ಹಾಗೆಯೇ ಬಿಡಿ. ಮೂಲ ಲೇಪನ ಡಾಂಬರಿನ ಜಾತಿಯದು, ಗಟ್ಟಿ. ನಡುವೆ ಯಾರಾದರೂ ಬೇರೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸವಿರುವ ಸಾಧ್ಯತೆ ಇದೆ. ಒಣದಾಗಿ ಉಜ್ಜಿ ಧೂಳೆಬ್ಬಿಸಿದರೆ ಅದು ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ.

ತಳದ ಸಮತಟ್ಟು ಕಡೆಯ ಮಾತು. ದಪ್ಪ ಗಾಜಿನ ಮೇಲೆ 80 ಗ್ರಿಟ್‌ನ ಒರಟು ಉಪ್ಪುಕಾಗದ ಹರಡಿ, ತಳಕ್ಕೆ ಮಾರ್ಕರ್‌ನಿಂದ ಅಡ್ಡಗೆರೆ ಎಳೆದು, ಕೆಲವು ಸಲ ಉಜ್ಜಿ ನೋಡಿ. ಆಗ ಅಲಗು ಹತ್ತರಿಯೊಳಗೇ ಇರಬೇಕು: ತುದಿ ಹಿಂದಕ್ಕೆ ಸರಿದಿರಲಿ, ಬಿಗಿತ ಮಾತ್ರ ಕೆಲಸದ ವೇಳೆಯಷ್ಟೇ ಇರಲಿ, ಏಕೆಂದರೆ ಆ ಬಿಗಿತವೂ ಮೈಯನ್ನು ತುಸು ಬಗ್ಗಿಸುತ್ತದೆ. ಮೂತಿ, ಸೀಳಿನ ಆಸುಪಾಸು, ಹಿಮ್ಮಡಿ ಈ ಮೂರು ಜಾಗಗಳಲ್ಲಿ ಗೆರೆ ಅಳಿಸಿದರೆ ಸಾಕು. ನಡುವಿನ ತಗ್ಗುಗಳು ಮರವನ್ನು ಮುಟ್ಟುವುದೇ ಇಲ್ಲ, ಅವುಗಳ ಹಿಂದೆ ಬೀಳಬೇಡಿ. ಇಡೀ ತಳ ಕನ್ನಡಿಯಾಗಬೇಕೆಂಬ ಹಟದಲ್ಲಿ ಒಳ್ಳೆಯ ಕಬ್ಬಿಣವನ್ನು ಸವೆಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ಅಲಗಿನ ಸಪಾಟು ಬೆನ್ನಿನ ಮೇಲೆ ತುಕ್ಕು ತಿಂದ ಗುಳಿಗಳಿವೆ. ಎಷ್ಟು ಮಸೆದರೂ ಹೋಗುತ್ತಿಲ್ಲ. ಎಸೆದು ಹೊಸದನ್ನು ಹಾಕಲೇ?

ಉತ್ತರ: ಗುಳಿಗಳು ಎಲ್ಲಿವೆ ಎಂಬುದೇ ಇಲ್ಲಿ ಮುಖ್ಯ. ಕತ್ತರಿಸುವ ಅಂಚು ಎಂದರೆ ಇಳಿಜಾರು ಮುಖವೂ ಬೆನ್ನೂ ಸೇರುವ ಗೆರೆ. ಆ ಗೆರೆಯ ಮೇಲೆ ಗುಳಿ ಬಂದರೆ ಅಂಚಿನಲ್ಲಿ ಹಲ್ಲು ಮುರಿದಂತೆ ಕಚ್ಚು ಉಳಿಯುತ್ತದೆ, ಪ್ರತಿ ಎಳೆತದಲ್ಲೂ ಮರದ ಮೇಲೆ ಏರುಗೆರೆ ಮೂಡುತ್ತದೆ. ಅಂಚಿನಿಂದ ದೂರದ ಗುಳಿಗಳಿಂದ ಯಾವ ಹಾನಿಯೂ ಇಲ್ಲ. ಬೆನ್ನಿನ ಉದ್ದಕ್ಕೂ ಮಸೆಯುವುದನ್ನು ನಿಲ್ಲಿಸಿ; ಅಂಚಿಗೆ ಹೊಂದಿದ ಕೆಲವೇ ಮಿಲಿಮೀಟರ್ ಸಪಾಟಾದರೆ ಆಯಿತು.

ಗುಳಿ ಅಂಚಿನಲ್ಲೇ ಇದ್ದರೆ ಎರಡು ಉಪಾಯಗಳಿವೆ. ಒಳ್ಳೆಯ ಉಕ್ಕು ಸಿಗುವವರೆಗೆ ಅಂಚನ್ನು ಹಿಂದಕ್ಕೆ ಸಾಣೆ ಹಿಡಿಯುವುದು ಮೊದಲನೆಯದು. ಎರಡನೆಯದು ಇನ್ನೂ ಸುಲಭ. ಸಾಣೆಕಲ್ಲಿನ ಒಂದು ಅಂಚಿನ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಅಳತೆಪಟ್ಟಿ ಇಟ್ಟು, ಅಲಗಿನ ಬೆನ್ನನ್ನು ಅದಕ್ಕೆ ಆನಿಸಿ, ತುದಿಯಷ್ಟೇ ಕಲ್ಲಿಗೆ ತಾಗುವಂತೆ ಉಜ್ಜಿ. ಒಂದು ಡಿಗ್ರಿಗೂ ಕಡಿಮೆ ಓರೆಯ ಕಿರುಪಟ್ಟಿ ಮೂಡುತ್ತದೆ, ಗುಳಿ ತೀರ ಆಳವಿಲ್ಲದಿದ್ದರೆ ಅಂಚು ಅದನ್ನು ದಾಟುತ್ತದೆ. ಇದನ್ನು ಹತ್ತರಿಯ ಅಲಗಿಗೆ ಮಾತ್ರ ಮಾಡಿ. ಉಳಿಯ ಬೆನ್ನು ಮರಕ್ಕೆ ಒರಗಿ ದಾರಿ ತೋರಬೇಕಾದದ್ದು, ಅಲ್ಲಿ ಓರೆ ಬಂದರೆ ಉಳಿ ಕೆಟ್ಟಂತೆಯೇ.

ಮುಖದ ಕೋನ 25 ಡಿಗ್ರಿ, ತುದಿಯಲ್ಲಿ ಕೂದಲಗಲಕ್ಕೆ 30 ಡಿಗ್ರಿ ಇರಲಿ. ಕೋನಮಾಪಕವಿಲ್ಲದಿದ್ದರೆ ಅಳತೆಪಟ್ಟಿಯೇ ಸಾಕು: 25 ಡಿಗ್ರಿಯಲ್ಲಿ ಮುಖದ ಅಗಲ ಅಲಗಿನ ದಪ್ಪದ 2.4 ಪಟ್ಟು ಇರುತ್ತದೆ. 2 ಮಿಲಿಮೀಟರ್ ದಪ್ಪದ ಅಲಗಿಗೆ ಹತ್ತಿರಹತ್ತಿರ 5 ಮಿಲಿಮೀಟರ್.

ತಿರುಗುವ ಸಾಣೆಚಕ್ರ ಬಳಸುವುದಾದರೆ ಪಕ್ಕದಲ್ಲಿ ನೀರಿರಲಿ, ಬರಿಬೆರಳಲ್ಲಿ ಹಿಡಿದು ಬಿಸಿ ತಟ್ಟಿದೊಡನೆ ಅದ್ದಿ. ಉಕ್ಕಿನ ಬಣ್ಣವೇ ಎಚ್ಚರಿಕೆ ಕೊಡುತ್ತದೆ. ಒಣಹುಲ್ಲಿನ ಹಳದಿ ಬಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ಅಲ್ಲಿಗೆ ನಿಲ್ಲಿಸಿ. ನೀಲಿ ಬಂದರೆ 290 ಡಿಗ್ರಿಯ ಆಸುಪಾಸು; ಆ ಜಾಗದ ಹದ ಹೋಯಿತು, ಉಕ್ಕು ಮೆತ್ತಗಾಯಿತು. ನೀಲಿಯಾದಷ್ಟು ಭಾಗವನ್ನು ನಿಧಾನವಾಗಿ ಸವೆಸಿ ತೆಗೆಯುವುದೊಂದೇ ದಾರಿ.

ಹೊಸ ಅಲಗು ಹಾಕುವುದು ತಪ್ಪಲ್ಲ. ಆದರೆ ಹಳೆಯ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಸಾಮಾನ್ಯ ಕಲ್ಲಿಗೂ ಒಗ್ಗುತ್ತದೆ. ಅದಕ್ಕೊಂದು ಅವಕಾಶ ಕೊಟ್ಟು ನೋಡಿ.

ಪ್ರಶ್ನೆ: ಬ್ಯಾಟರಿ ಚಾರ್ಜರ್ ಬಳಸಿ ನೀರಿನಲ್ಲಿ ತುಕ್ಕು ಬಿಡಿಸುವ ವಿಧಾನ ಸುರಕ್ಷಿತವೇ? ವಿನೆಗರ್, ನಿಂಬೆಹುಳಿ ಪುಡಿ ವಾಸಿಯೇ?

ಉತ್ತರ: ವಿದ್ಯುತ್ತಿನ ವಿಧಾನ ಸುರಕ್ಷಿತ, ಆದರೆ ನಿಯಮ ಮೀರಬಾರದು. ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟ್ ನೇರ ವಿದ್ಯುತ್, ಋಣ ತಂತಿಗೆ ಉಪಕರಣ, ಧನ ತಂತಿಗೆ ಬೇಡದ ಕಬ್ಬಿಣದ ತುಂಡು. ತಂತಿ ಅದಲುಬದಲಾದರೆ ಕರಗುವುದು ನಿಮ್ಮ ಹತ್ತರಿ. ಧನ ತಂತಿಗೆ ಸ್ಟೇನ್‌ಲೆಸ್ ಉಕ್ಕನ್ನು ಎಂದೂ ಸಿಕ್ಕಿಸಬೇಡಿ, ಅದರಿಂದ ಕ್ಯಾನ್ಸರ್‌ಕಾರಕ ಕ್ರೋಮಿಯಂ ಸಂಯುಕ್ತ ನೀರಿಗೆ ಬಿಡುಗಡೆಯಾಗುತ್ತದೆ. ಸೋಡಾ ಬದಲು ಅಡುಗೆ ಉಪ್ಪನ್ನು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸರಿಯಾಗಿ ಮಾಡಿದರೂ ಜಲಜನಕ ಹೊಮ್ಮುತ್ತದೆ. ಆದ್ದರಿಂದ ತೆರೆದ ಜಾಗದಲ್ಲಿ, ಬೆಂಕಿ ಕಿಡಿಗಳಿಂದ ದೂರವಿಟ್ಟು ನಡೆಸಿ, ತಂತಿ ಮುಟ್ಟುವ ಮೊದಲು ಚಾರ್ಜರ್ ಆರಿಸಿ. ಈ ತೊಟ್ಟಿಯಲ್ಲಿ ಬಣ್ಣವೂ ಎದ್ದುಬರುತ್ತದೆ ಎಂಬುದು ನೆನಪಿರಲಿ.

ಒಂದೇ ಹತ್ತರಿಗೆ ಇಷ್ಟೆಲ್ಲ ಬೇಕಿಲ್ಲ. ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದ (ನಿಂಬೆಹುಳಿ) ಪುಡಿ ಕರಗಿಸಿ, ಮರ ಮತ್ತು ಹಿತ್ತಾಳೆಯ ಭಾಗಗಳನ್ನು ಬೇರೆಯಿಟ್ಟು, ಕಬ್ಬಿಣವನ್ನು ಮುಳುಗಿಸಿ. ಗಂಟೆಗೊಮ್ಮೆ ತೆಗೆದು ಬ್ರಷ್ ಆಡಿಸಿ, ತುಕ್ಕು ಹೋದ ಕೂಡಲೇ ನಿಲ್ಲಿಸಿ. ದಿನಗಟ್ಟಲೆ ಬಿಟ್ಟರೆ ಆಮ್ಲ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿ. ಇಲ್ಲಿ ತಡಮಾಡಿದರೆ ನಿಮ್ಮ ಕಣ್ಣೆದುರೇ ಹೊಸ ತುಕ್ಕು ಕಂದಾಗಿ ಹಬ್ಬುತ್ತದೆ. ವಿನೆಗರ್ ಕೂಡ ಕೆಲಸ ಮಾಡುತ್ತದೆ, ವಾಸನೆ ತಡೆಯುವ ಶಕ್ತಿ ನಿಮಗಿದ್ದರೆ.

ಪ್ರಶ್ನೆ: ಅಲಗು ಚೆನ್ನಾಗಿ ಹರಿತವಾಗಿದೆ. ಆದರೂ ಎರಡು ಮೂರು ಎಳೆತಕ್ಕೆ ಸೀಳಿನಲ್ಲಿ ಮರದ ಸುರುಳಿ ಸಿಕ್ಕಿಕೊಂಡು ಕಟ್ಟಿಕೊಳ್ಳುತ್ತದೆ.

ಉತ್ತರ: ಅಲಗಿನ ಬೆನ್ನ ಮೇಲೆ ತಿರುಪಿನಿಂದ ಬಿಗಿಯುವ ಬಾಗಿದ ತಗಡೊಂದು ಇದೆಯಲ್ಲ, ದೋಷ ಬಹುಶಃ ಅದರದ್ದು. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿಯಿರಿ. ತಗಡಿನ ಅಂಚಿನ ಕೆಳಗೆ ಬೆಳಕು ನುಸುಳಿದರೆ ಅಲ್ಲಿಗೇ ಸುರುಳಿ ನುಗ್ಗಿ ಬೆಣೆಯಂತೆ ಕೂರುತ್ತಿದೆ. ತಗಡಿನ ಒಳ ಅಂಚನ್ನು ಕಲ್ಲಿನ ಮೇಲೆ ಉಜ್ಜಿ. ಉಜ್ಜುವಾಗ ಅದರ ಬಾಲ ಕಲ್ಲಿನ ಮಟ್ಟಕ್ಕಿಂತ ತುಸು ಕೆಳಗಿರಲಿ, ಆಗ ತೀರ ತುದಿ ಮಾತ್ರ ಅಲಗಿಗೆ ತಾಗುವಂತಾಗುತ್ತದೆ. ಸುರುಳಿ ಏರಿಹೋಗುವ ಮೇಲ್ಮುಖವನ್ನೂ ನಯಗೊಳಿಸಿ. ಸಾಮಾನ್ಯ ಕೆಲಸಕ್ಕೆ ತಗಡು ಅಂಚಿನಿಂದ ಒಂದು ಮಿಲಿಮೀಟರ್ ಹಿಂದಿರಲಿ. ಎಳೆ ತಿರುಚಿದ ಹಟಮಾರಿ ಮರಕ್ಕೆ ಕಾಲು ಮಿಲಿಮೀಟರ್‌ಗೂ ಹತ್ತಿರ ತನ್ನಿ, ಎಳೆ ಕಿತ್ತು ಬರುವುದು ನಿಲ್ಲುತ್ತದೆ.

ಪ್ರಶ್ನೆ: ಹಿಡಿಯ ಮರ ಒಣಗಿ ಬಿಳಿಚಿಕೊಂಡಿದೆ. ಅಗಸೆ ಎಣ್ಣೆ ಹಚ್ಚಬಹುದೇ?

ಉತ್ತರ: ಹಚ್ಚಬಹುದು. ಕೊಳೆಯನ್ನು ಒರೆಸಿ, ತೆಳುವಾಗಿ ಸವರಿ, ಕಾಲು ಗಂಟೆಯ ನಂತರ ಮಿಕ್ಕಿದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಒಣಗಿದ ಮೇಲೆ ಇನ್ನೊಮ್ಮೆ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವಷ್ಟು. ಅದನ್ನು ಬಯಲಿನಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.