ಸೋಲಿನ ಸರಣಿಯ ನಡುವೆ ಮ್ಯಾನೇಜರ್ ಬದಲಾಗಬೇಕೇ?

ಪ್ರಶ್ನೆ: ನಾನು ಬಹುಕಾಲದಿಂದ ಬೆಂಬಲಿಸುತ್ತಿರುವ ಫುಟ್‌ಬಾಲ್ ಕ್ಲಬ್ ಕಳೆದ ಹತ್ತು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು, ಪಾಯಿಂಟ್ ಪಟ್ಟಿಯ ತಳಭಾಗಕ್ಕೆ ಇಳಿದಿದೆ. ಮ್ಯಾನೇಜರ್ ಅವರನ್ನು ತೆಗೆಯಬೇಕೆಂಬ ಕೂಗು ಪ್ರತಿ ಪಂದ್ಯದಲ್ಲೂ ಕೇಳಿಬರುತ್ತಿದೆ. ಹೊಸಬರು ಬಂದ ಕೂಡಲೇ ತಂಡ ಚೇತರಿಸಿಕೊಳ್ಳುತ್ತದೆ ಎಂಬುದು ನಿಜವೇ? ಆಡಳಿತ ಮಂಡಳಿ ಯಾವ ಆಧಾರದ ಮೇಲೆ ತೀರ್ಮಾನ ಮಾಡಬೇಕು?

ಉತ್ತರ: ಮ್ಯಾನೇಜರ್ ಬದಲಾದ ಬಳಿಕ ಫಲಿತಾಂಶಗಳು ಸುಧಾರಿಸುವುದನ್ನು ನಾವು ಎಷ್ಟೋ ಸಲ ಕಾಣುತ್ತೇವೆ. ಆದರೆ ಆ ಸುಧಾರಣೆಗೆ ಹೊಸಬರೇ ಕಾರಣರು ಎಂದು ಹೇಳಲು ಅಷ್ಟು ಸಾಲದು. ಕ್ಲಬ್‌ಗಳು ಮ್ಯಾನೇಜರ್ ಅವರನ್ನು ಕೈಬಿಡುವುದು ಸಾಮಾನ್ಯವಾಗಿ ಸೋಲಿನ ಸರಣಿ ತಳ ಮುಟ್ಟಿದಾಗ; ಅಂಥ ಸರಣಿಯಲ್ಲಿ ತಂಡದ ದೌರ್ಬಲ್ಯದ ಜೊತೆಗೆ ಗೋಲುಕಂಬಕ್ಕೆ ಬಡಿದು ಮರಳಿದ ಚೆಂಡು, ಮುಖ್ಯ ಆಟಗಾರನ ಗಾಯ, ಕೊನೆಯ ನಿಮಿಷದಲ್ಲಿ ಎದುರಾಳಿಗೆ ಸಿಕ್ಕ ಪೆನಾಲ್ಟಿ, ಬಲಿಷ್ಠ ತಂಡಗಳೇ ಸಾಲಾಗಿ ಎದುರಾದ ವೇಳಾಪಟ್ಟಿ, ಇವೆಲ್ಲವೂ ಸೇರಿರುತ್ತವೆ. ಇವು ಯಾರೂ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಸರಿಹೋಗುವ ಸಂಗತಿಗಳು. ಜ್ವರ ತಾನಾಗಿ ಇಳಿಯುವ ಹೊತ್ತಿಗೆ ಬಂದ ವೈದ್ಯರಿಗೆ ಹೆಸರು ಬರುವಂತೆ, ಆ ಹೊತ್ತಿಗೆ ಬಂದ ಮ್ಯಾನೇಜರ್‌ಗೂ ಹೆಸರು ಬರುತ್ತದೆ. ನೆದರ್ಲೆಂಡ್ಸ್‌ನ ಲೀಗ್ ಕುರಿತು ಅಲ್ಲಿನ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನಗಳು, ನಡುಋತುವಿನಲ್ಲಿ ಮ್ಯಾನೇಜರ್ ಬದಲಿಸಿದ ಕ್ಲಬ್‌ಗಳನ್ನು ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದೂ ಬದಲಿಸದ ಕ್ಲಬ್‌ಗಳೊಂದಿಗೆ ಹೋಲಿಸಿ, ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಚೇತರಿಸಿಕೊಂಡವು ಎಂದು ತೋರಿಸಿವೆ.

ಇದಕ್ಕೆ ನನಗೆ ಅತ್ಯುತ್ತಮವಾಗಿ ತೋರುವ ನಿದರ್ಶನ ಜರ್ಮನಿಯ ಬೊರೂಸಿಯಾ ಡಾರ್ಟ್‌ಮಂಡ್ ಕ್ಲಬ್‌ನದು. 2011 ಮತ್ತು 2012ರಲ್ಲಿ ಲೀಗ್ ಗೆದ್ದುಕೊಟ್ಟಿದ್ದ ಯುರ್ಗನ್ ಕ್ಲಾಪ್ ಅವರ ತಂಡ 2015ರ ಫೆಬ್ರುವರಿ ಆರಂಭದಲ್ಲಿ 18 ತಂಡಗಳ ಪಟ್ಟಿಯಲ್ಲಿ ಕೊನೆಯ ಸ್ಥಾನಕ್ಕೆ ಕುಸಿದಿತ್ತು. ಆದರೆ ಪಂದ್ಯಗಳ ಒಳಹೊಕ್ಕು ನೋಡಿದವರಿಗೆ, ತಂಡ ಸೃಷ್ಟಿಸುತ್ತಿದ್ದ ಅವಕಾಶಗಳು ಅದರ ಸ್ಥಾನಕ್ಕೆ ಹೊಂದುವಂತಿರಲಿಲ್ಲ ಎಂಬುದು ಕಾಣುತ್ತಿತ್ತು. ಕ್ಲಬ್ ಕ್ಲಾಪ್ ಅವರನ್ನು ತೆಗೆಯಲಿಲ್ಲ. ಋತುವಿನ ಕೊನೆಗೆ ತಂಡ ಏಳನೆಯ ಸ್ಥಾನಕ್ಕೇರಿತು, ಜರ್ಮನ್ ಕಪ್‌ನ ಫೈನಲ್ ತಲುಪಿತು. ತಾವು ಕ್ಲಬ್ ಬಿಡುವುದಾಗಿ ಏಪ್ರಿಲ್‌ನಲ್ಲಿ ಕ್ಲಾಪ್ ಅವರೇ ಪ್ರಕಟಿಸಿದ್ದರು.

ಆದ್ದರಿಂದ ಆಡಳಿತ ಮಂಡಳಿ ಮೊದಲು ನೋಡಬೇಕಾದದ್ದು ಪಾಯಿಂಟ್ ಪಟ್ಟಿಯನ್ನಲ್ಲ, ಆಟವನ್ನು. ಹತ್ತಾರು ಪಂದ್ಯಗಳನ್ನು ಒಟ್ಟಿಗೆ ಇಟ್ಟುಕೊಂಡು, ತಂಡ ಎಂಥ ಅವಕಾಶಗಳನ್ನು ಸೃಷ್ಟಿಸುತ್ತಿದೆ ಮತ್ತು ಎದುರಾಳಿಗೆ ಎಂಥ ಅವಕಾಶಗಳನ್ನು ಬಿಟ್ಟುಕೊಡುತ್ತಿದೆ ಎಂದು ಅಳೆಯಬೇಕು. ಪ್ರತಿ ಅವಕಾಶ ಗೋಲಾಗುವ ಸಾಧ್ಯತೆ ಎಷ್ಟೆಂದು ಅಂದಾಜಿಸಿ ಕೂಡಿಸುವ, ಈಗ ಎಲ್ಲೆಡೆ ಬಳಕೆಯಲ್ಲಿರುವ ‘ನಿರೀಕ್ಷಿತ ಗೋಲು’ ಲೆಕ್ಕ ಇರುವುದು ಇದಕ್ಕಾಗಿಯೇ. ಅವಕಾಶಗಳು ಸಮವಾಗಿದ್ದೂ ಸೋಲುತ್ತಿದ್ದರೆ ತಾಳುವುದು ಲೇಸು. ಪ್ರತಿ ಪಂದ್ಯದಲ್ಲೂ ಕಾರ್ನರ್‌ನಿಂದ, ಇಲ್ಲವೇ ರಕ್ಷಣೆಯ ಬೆನ್ನ ಹಿಂದಿನ ಖಾಲಿ ಜಾಗದಿಂದ ಒಂದೇ ಬಗೆಯ ಗೋಲು ಬರುತ್ತಿದ್ದು, ತಿಂಗಳುಗಟ್ಟಲೆ ಅಭ್ಯಾಸದ ನಂತರವೂ ಅದು ನಿಲ್ಲದಿದ್ದರೆ ಹೊಣೆ ಮ್ಯಾನೇಜರ್ ಅವರದೇ. ಮುನ್ನಡೆ ಕಳೆದುಕೊಂಡ ಕೂಡಲೇ ಆಟಗಾರರು ಓಡುವುದನ್ನೇ ನಿಲ್ಲಿಸುತ್ತಿದ್ದರೆ, ಅವರು ಮ್ಯಾನೇಜರ್ ಮೇಲಿನ ನಂಬಿಕೆಯನ್ನು ಕಳೆದುಕೊಂಡಿದ್ದಾರೆ ಎಂದೇ ತಿಳಿಯಬೇಕು. ಅದು ಹಾಗೆಲ್ಲ ಮರಳಿ ಬರುವುದಿಲ್ಲ.

ಎರಡನೆಯದಾಗಿ, ದೋಷ ಮ್ಯಾನೇಜರ್ ಅವರ ಕೈಯಲ್ಲಿದೆಯೋ, ಆಟಗಾರರನ್ನು ಕೊಂಡವರ ಕೈಯಲ್ಲಿದೆಯೋ ಎಂದು ಮಂಡಳಿ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. 2021ರ ಜನವರಿಯಲ್ಲಿ ಇಂಗ್ಲೆಂಡ್‌ನ ಚೆಲ್ಸಿ ಕ್ಲಬ್ ಫ್ರಾಂಕ್ ಲ್ಯಾಂಪಾರ್ಡ್ ಅವರ ಜಾಗಕ್ಕೆ ಥಾಮಸ್ ಟುಕೆಲ್ ಅವರನ್ನು ತಂದಾಗ ಆಟಗಾರರು ಅವರೇ ಇದ್ದರು. ಮೂವರು ಸೆಂಟರ್ ಬ್ಯಾಕ್‌ಗಳ, ಅಂದರೆ ನಡುಭಾಗದ ರಕ್ಷಣಾ ಆಟಗಾರರ, ಹೊಸ ವ್ಯವಸ್ಥೆಯಲ್ಲಿ ರಕ್ಷಣೆ ಬಿಗಿಯಾಯಿತು, ಅದೇ ಮೇ ತಿಂಗಳಲ್ಲಿ ತಂಡ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದಿತು. ಅಲ್ಲಿ ಸಾಮರ್ಥ್ಯ ತಂಡದೊಳಗೇ ಇತ್ತು. ಅದೇ ಸಾಮರ್ಥ್ಯವಿಲ್ಲದ ಕಡೆ ಬದಲಾವಣೆಯ ಮೇಲೆ ಬದಲಾವಣೆ ಮಾಡಿಯೂ ಉಪಯೋಗವಾಗದು: 2022–23ರಲ್ಲಿ ಸೌತಾಂಪ್ಟನ್ ಒಂದೇ ಋತುವಿನಲ್ಲಿ ಮೂವರು ಮ್ಯಾನೇಜರ್‌ಗಳನ್ನು ಕಂಡು, ಕೊನೆಯ ಸ್ಥಾನದಲ್ಲಿ ಉಳಿದು, ಕೆಳಗಿನ ದರ್ಜೆಗೆ ಹಿಂಬಡ್ತಿ ಪಡೆಯಿತು.

ತಾಳ್ಮೆಯ ಪರ ವಾದಿಸುವವರು ಅಲೆಕ್ಸ್ ಫರ್ಗ್ಯುಸನ್ ಅವರ ಹೆಸರನ್ನು ತಪ್ಪದೆ ಹೇಳುತ್ತಾರೆ. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಅವರು ಮೊದಲ ಟ್ರೋಫಿ ಗೆದ್ದದ್ದು 1990ರಲ್ಲಿ. ಈ ಉದಾಹರಣೆಯನ್ನು ಗೌರವದಿಂದಲೇ ಬದಿಗಿಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತಾಳ್ಮೆ ಫಲಿಸದ ಕ್ಲಬ್‌ಗಳ ಕಥೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕಾಯುವುದಕ್ಕೂ ಕಾರಣ ಬೇಕು, ತೆಗೆಯುವುದಕ್ಕೂ ಕಾರಣ ಬೇಕು.

ಪ್ರಶ್ನೆ: ತೆಗೆಯುವುದೇ ಎಂದು ನಿರ್ಧರಿಸಿದ ಮೇಲೆ ಅದನ್ನು ಹೇಗೆ ಮಾಡಬೇಕು? ಹಂಗಾಮಿ ಮ್ಯಾನೇಜರ್ ಅವರನ್ನು ಕೂರಿಸಿ ನಿಧಾನವಾಗಿ ಹುಡುಕುವುದು ಒಳ್ಳೆಯದಲ್ಲವೇ?

ಉತ್ತರ: ಮುಂದೆ ಬರುವವರು ಯಾರೆಂದು ಗೊತ್ತಿಲ್ಲದೆ ಇರುವವರನ್ನು ಕಳುಹಿಸಬಾರದು. ಟಾಟನ್‌ಹ್ಯಾಮ್ 2021ರ ಏಪ್ರಿಲ್‌ನಲ್ಲಿ, ಲೀಗ್ ಕಪ್ ಫೈನಲ್‌ಗೆ ಇನ್ನು ಆರೇ ದಿನಗಳಿರುವಾಗ, ಜೋಸೆ ಮೊರಿನ್ಯೊ ಅವರನ್ನು ವಜಾ ಮಾಡಿತು, ಫೈನಲ್ ಸೋತಿತು, ಕಾಯಂ ಮ್ಯಾನೇಜರ್ ಸಿಗಲು ಜೂನ್ ಕೊನೆಯಾಯಿತು, ಹಾಗೆ ಬಂದ ನೂನೊ ಎಸ್ಪಿರಿಟೊ ಸ್ಯಾಂಟೊ ನವೆಂಬರ್ ಆರಂಭದಲ್ಲೇ ಹೊರನಡೆಯಬೇಕಾಯಿತು. ಬ್ರೈಟನ್ ಕ್ಲಬ್‌ನ ರೀತಿ ಇದಕ್ಕೆ ವಿರುದ್ಧ. 2022ರ ಸೆಪ್ಟೆಂಬರ್‌ನಲ್ಲಿ ಅದರ ಮ್ಯಾನೇಜರ್ ಗ್ರಹಾಂ ಪಾಟರ್ ಅವರನ್ನು ಚೆಲ್ಸಿ ಕರೆದೊಯ್ದಾಗ, ಅದು ಕೆಲವೇ ದಿನಗಳಲ್ಲಿ ರಾಬರ್ಟೊ ಡಿ ಜೆರ್ಬಿ ಅವರನ್ನು ನೇಮಿಸಿ ಆರನೆಯ ಸ್ಥಾನ ಪಡೆಯಿತು. ಅಲ್ಲಿ ಯಾರನ್ನೂ ವಜಾ ಮಾಡಲಿಲ್ಲ ಎಂಬುದು ನಿಜ. ಆದರೂ, ತನ್ನ ಆಟದ ಶೈಲಿಗೆ ಹೊಂದುವವರ ಪಟ್ಟಿಯನ್ನು ಒಳ್ಳೆಯ ದಿನಗಳಲ್ಲೇ ಸಿದ್ಧವಾಗಿಟ್ಟುಕೊಳ್ಳುವ ಕ್ಲಬ್ ಅವಸರಕ್ಕೆ ಬೀಳುವುದಿಲ್ಲ.

ಆಟಗಾರರ ಸ್ವಭಾವವನ್ನು ನೋಡಿಯೇ ಮ್ಯಾನೇಜರ್ ಅವರನ್ನು ಆರಿಸಬೇಕು. 2017ರಲ್ಲಿ ಕ್ರಿಸ್ಟಲ್ ಪ್ಯಾಲೇಸ್, ಚೆಂಡನ್ನು ತನ್ನಲ್ಲೇ ಉಳಿಸಿಕೊಂಡು ಆಡುವ ಶೈಲಿಯ ಫ್ರಾಂಕ್ ಡಿ ಬೋರ್ ಅವರನ್ನು, ಆ ಶೈಲಿಗೆ ಹೊಂದದ ತಂಡಕ್ಕೆ ತಂದು, ಒಂದೂ ಗೋಲಿಲ್ಲದೆ ಸೋತ ನಾಲ್ಕೇ ಲೀಗ್ ಪಂದ್ಯಗಳ ನಂತರ ಕೈಬಿಟ್ಟಿತು. ಅವರ ಬಳಿಕ ಬಂದ ರಾಯ್ ಹಾಡ್ಜ್‌ಸನ್ ಅವರ ತಂಡವೂ ಮೊದಲ ಮೂರು ಲೀಗ್ ಪಂದ್ಯಗಳನ್ನು ಗೋಲು ಗಳಿಸದೆ ಸೋತಿತು; ಆದರೂ ಕೊನೆಗೆ ಹನ್ನೊಂದನೆಯ ಸ್ಥಾನದಲ್ಲಿ ನಿಂತಿತು. ಅಂದರೆ ಸರಿಯಾದ ಬದಲಾವಣೆಯೂ ಮರುವಾರವೇ ಫಲ ಕೊಡಬೇಕೆಂದಿಲ್ಲ.

ಸಮಯದ ವಿಚಾರದಲ್ಲಿ ನಾನು ಖಚಿತವಾಗಿ ಹೇಳಬಲ್ಲೆ: ಕ್ಲಬ್‌ಗಳು ಆಟಗಾರರನ್ನು ಕೊಳ್ಳಲು, ಮಾರಲು ಅವಕಾಶವಿರುವ ವರ್ಗಾವಣೆ ಅವಧಿ ತೆರೆಯುವ ಮುಂಚೆ ನಿರ್ಧರಿಸಬೇಕು, ಮುಚ್ಚಿದ ಮೇಲಲ್ಲ. ಲೀಡ್ಸ್ 2023ರ ಜನವರಿಯಲ್ಲಿ ಹೊಸ ಆಟಗಾರರನ್ನು ತಂದು, ಅವಧಿ ಮುಗಿದ ಕೆಲವೇ ದಿನಗಳಲ್ಲಿ ಮ್ಯಾನೇಜರ್ ಅವರನ್ನು ತೆಗೆಯಿತು. ಬಂದವರನ್ನೂ ಮೇ ತಿಂಗಳಲ್ಲಿ ತೆಗೆದು, ಉಳಿದ ನಾಲ್ಕು ಪಂದ್ಯಗಳಿಗಾಗಿ ಸ್ಯಾಮ್ ಅಲಾರ್ಡೈಸ್ ಅವರನ್ನು ಕರೆತಂದಿತು. ಅವುಗಳಲ್ಲಿ ಒಂದು ಡ್ರಾ, ಮೂರು ಸೋಲು. ಕ್ಲಬ್ ಹಿಂಬಡ್ತಿ ಪಡೆಯಿತು. ಅಂತರರಾಷ್ಟ್ರೀಯ ಪಂದ್ಯಗಳಿಗಾಗಿ ಲೀಗ್ ನಿಲ್ಲುವ ಎರಡು ವಾರಗಳು ನಡುಋತುವಿನ ಬದಲಾವಣೆಗೆ ಯೋಗ್ಯವಾದವು, ಏಕೆಂದರೆ ಆಗ ಹೊಸಬರಿಗೆ ಅಭ್ಯಾಸ ನಡೆಸಲು ಒಂದಿಷ್ಟು ಬಿಡುವು ಸಿಗುತ್ತದೆ.

ಹಂಗಾಮಿ ನೇಮಕ ತಪ್ಪಲ್ಲ, ಆದರೆ ಅದರ ಅವಧಿಯನ್ನು ಮೊದಲೇ ಹೇಳಿ ಅದಕ್ಕೆ ಬದ್ಧರಾಗಬೇಕು. 2018ರ ಡಿಸೆಂಬರ್‌ನಲ್ಲಿ ಹಂಗಾಮಿಯಾಗಿ ಬಂದ ಓಲೆ ಗುನ್ನಾರ್ ಸೋಲ್ಶಾಯರ್ ಅವರ ಆರಂಭದ ಗೆಲುವುಗಳಿಗೆ ಮನಸೋತು ಮ್ಯಾಂಚೆಸ್ಟರ್ ಯುನೈಟೆಡ್ ಮಾರ್ಚ್‌ನಲ್ಲೇ ಅವರನ್ನು ಕಾಯಂ ಮಾಡಿತು. ನಂತರದ ವಾರಗಳಲ್ಲಿ ತಂಡ ಮುಗ್ಗರಿಸಿ ಆರನೆಯ ಸ್ಥಾನದಲ್ಲಿ ಋತು ಮುಗಿಸಿತು. ಋತು ಮುಗಿಯುವವರೆಗೆ ಕಾದಿದ್ದರೆ ಕ್ಲಬ್‌ಗೆ ಏನೂ ನಷ್ಟವಿರಲಿಲ್ಲ.

ಕಳುಹಿಸುವ ರೀತಿಯೂ ಮುಖ್ಯ. ಸುದ್ದಿ ಪತ್ರಿಕೆಗಳಿಗೆ ಸೋರುವ ಮುಂಚೆ ಅಧ್ಯಕ್ಷರೋ ಮಾಲೀಕರೋ ಎದುರು ಕೂತು ಹೇಳಬೇಕು, ಒಪ್ಪಂದದಂತೆ ಪರಿಹಾರವನ್ನು ತಕರಾರಿಲ್ಲದೆ ಕೊಡಬೇಕು, ಅವರೊಂದಿಗೆ ಬಂದಿದ್ದ ಸಹಾಯಕ ಕೋಚ್‌ಗಳ ಸ್ಥಿತಿಯನ್ನೂ ಅದೇ ದಿನ ತಿಳಿಸಬೇಕು. ಮುಂದೆ ಬರಲಿರುವವರು ಇದನ್ನೆಲ್ಲ ಗಮನಿಸುತ್ತಿರುತ್ತಾರೆ.

ಪ್ರಶ್ನೆ: ಟ್ರೋಫಿ ಗೆದ್ದುಕೊಟ್ಟವರನ್ನು ಮರುವರ್ಷವೇ ತೆಗೆಯುವುದು ಕೃತಘ್ನತೆಯಲ್ಲವೇ?

ಉತ್ತರ: ಲೆಸ್ಟರ್ ಸಿಟಿಗೆ 2016ರಲ್ಲಿ ಲೀಗ್ ಗೆದ್ದುಕೊಟ್ಟ ಕ್ಲಾಡಿಯೊ ರಾನಿಯೇರಿ ಅವರನ್ನು 2017ರ ಫೆಬ್ರುವರಿಯಲ್ಲಿ ತೆಗೆದಾಗ ನನಗೂ ನೋವಾಗಿತ್ತು. ಆದರೆ ತಂಡ ಹಿಂಬಡ್ತಿಯ ಅಂಚಿನಲ್ಲಿತ್ತು, ಮತ್ತು ಅವರ ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಅವರ ಕೈಕೆಳಗೆ ಮುಂದಿನ ಐದೂ ಲೀಗ್ ಪಂದ್ಯಗಳನ್ನು ಗೆದ್ದು ಹನ್ನೆರಡನೆಯ ಸ್ಥಾನ ತಲುಪಿತು. ಕೃತಜ್ಞತೆಯನ್ನು ಗೌರವದ ಬೀಳ್ಕೊಡುಗೆಯಲ್ಲಿ ತೋರಿಸಬಹುದು. ಅದಕ್ಕಾಗಿ ಕ್ಲಬ್‌ನ ಮುಂದಿನ ವರ್ಷವನ್ನು ಪಣಕ್ಕಿಡಬಾರದು.

ಪ್ರಶ್ನೆ: ಹಿಂಬಡ್ತಿ ಖಚಿತವಾದರೆ ಆಗಲಾದರೂ ತೆಗೆಯಬೇಕಲ್ಲವೇ?

ಉತ್ತರ: ಹಾಗೇನಿಲ್ಲ. 2015ರಲ್ಲಿ ಹಿಂಬಡ್ತಿ ಪಡೆದ ಬರ್ನ್‌ಲಿ, ಮ್ಯಾನೇಜರ್ ಶಾನ್ ಡೈಚ್ ಅವರನ್ನೇ ಉಳಿಸಿಕೊಂಡು, 2016ರಲ್ಲಿ ಎರಡನೆಯ ದರ್ಜೆಯ ಚಾಂಪಿಯನ್ ಆಗಿ ಮರಳಿತು. ಅದೇ ಕ್ಲಬ್ 2022ರ ಏಪ್ರಿಲ್‌ನಲ್ಲಿ, ಎಂಟು ಪಂದ್ಯಗಳು ಉಳಿದಿರುವಾಗ, ಅವರನ್ನು ವಜಾ ಮಾಡಿತು. ಆದರೂ ಹಿಂಬಡ್ತಿ ತಪ್ಪಲಿಲ್ಲ. ಕೆಳಗಿನ ದರ್ಜೆಯಲ್ಲಿ ಗೆಲ್ಲುವ ಬಗೆಯನ್ನು ಬಲ್ಲವರು, ಆಟಗಾರರ ವಿಶ್ವಾಸವಿರುವವರು ನಿಮ್ಮ ಕ್ಲಬ್‌ನಲ್ಲೇ ಇದ್ದರೆ ಅವರನ್ನು ಉಳಿಸಿಕೊಂಡು, ಯಾವ ಆಟಗಾರರು ಹೋಗಬೇಕು, ಯಾರು ಬರಬೇಕು ಎಂಬುದನ್ನು ಅವರೊಂದಿಗೆ ಕೂತು ತಡಮಾಡದೆ ತೀರ್ಮಾನಿಸಿರಿ.