ಸಿಎ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ಓದನ್ನು ಆಟದ ಹಾಗೆ ನೋಡಿದರೆ ನಿಜಕ್ಕೂ ಉಪಯೋಗವಿದೆಯಾ?

ಖಂಡಿತ ಇದೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ತಂಗಿ ಮಗ ಮೊಬೈಲ್ ಆಟದ ಒಂದೇ ಹಂತದಲ್ಲಿ ಹದಿನೈದು ಸಲ ಸೋತ. 'ನನ್ನ ಕೈಲಾಗಲ್ಲ' ಅನ್ನಲೇ ಇಲ್ಲ. 'ದೊಡ್ಡಮ್ಮಾ, ನಾನು ಬೀಳೋ ಗುಂಡಿ ಎಲ್ಲಿದೆ ಅಂತ ಗೊತ್ತಾಯ್ತು' ಅಂದ!

ನಿಮ್ಮ ಅಂಕಪಟ್ಟಿಯನ್ನೂ ಹಾಗೇ ನೋಡಿ. ಪಾಸಾಗಲು ಪ್ರತಿ ಪತ್ರಿಕೆಗೆ 40 ಅಂಕ, ಗ್ರೂಪಿಗೆ, ಅಂದರೆ ಒಂದು ಗುಂಪಿನ ಪತ್ರಿಕೆಗಳೆಲ್ಲ ಸೇರಿ, ಒಟ್ಟು ಶೇ. 50 ಬೇಕು ಅಲ್ವಾ? ಬಿದ್ದದ್ದು ಎಲ್ಲಿ? ಯಾವುದಾದರೂ ಪತ್ರಿಕೆಯಲ್ಲಿ 60 ಬಂದಿದ್ದರೆ ಮುಂದಿನ 3 ಪರೀಕ್ಷೆಗಳಲ್ಲಿ ಅದನ್ನು ಮತ್ತೆ ಬರೆಯದಿರಲು ವಿನಾಯಿತಿ ಸಿಗುತ್ತದೆ. ಗೆದ್ದ ಹಂತ ನಿಮ್ಮದೇ. ಸುಮ್ನೆ ಎಲ್ಲವನ್ನೂ ಮೊದಲಿಂದ ಓದಬೇಡಿ.

ನಾನು ಫೇಲಾದಾಗ, ಲೋಕಲ್ ರೈಲು ಥಾಣೆ ಊರು ತಲುಪುವಷ್ಟರಲ್ಲಿ ಹಿಂದೆ ತಪ್ಪಿದ್ದ ಒಂದು ಲೆಕ್ಕ ಬಿಡಿಸಬೇಕು ಅಂತ ನನಗೆ ನಾನೇ ಪಂದ್ಯ ಕಟ್ಟಿಕೊಂಡಿದ್ದೆ. ಅತ್ತ ದಿನಗಳೂ ಇದ್ದವು. ಮರುದಿನ ಮತ್ತೆ ಅದೇ ರೈಲು, ಅದೇ ಲೆಕ್ಕ.